ಉಂಡ ಮನೆಯ ಜಂತಿ ಎಣಿಸುವ ರೇಡಿಯೋ ಬೇಕು

‘ಉಂಡ ಮನೆಯ ಜಂತಿ ಎಣಿಸಬಾರದು’ ಅನ್ನುತ್ತಾರೆ ಹಿರಿಯರು. ಬೀಗರ ಮನೆಗೆ ಹೋದವರಿಗೆ ಅದು ಸರಿಯಾದ ಮಾತು. ಆದರೆ ಸುದ್ದಿ ಹೇಳುವವರ ಕೆಲಸವೇ ಜಂತಿ ಎಣಿಸುವುದು. ಯಾವ ಜಂತಿಗೆ ಗೆದ್ದಲು ಹತ್ತಿದೆ, ಯಾವ ತೊಲೆ ಬಾಗಿದೆ ಎಂದು ಮಳೆಗಾಲಕ್ಕೆ ಮೊದಲೇ ಹೇಳುವವರು ಇಲ್ಲದಿದ್ದರೆ ಮಾಳಿಗೆ ಬೀಳುವುದು ಕೆಳಗೆ ಮಲಗಿದವರ ಮೇಲೆಯೇ.

ಆಕಾಶವಾಣಿ ಮತ್ತು ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿ ನಮ್ಮ ನಿಮ್ಮ ತೆರಿಗೆಯ ರೊಕ್ಕದಿಂದ ನಡೆಯುತ್ತದೆ. ಆದರೆ ಆ ರೊಕ್ಕ ಅದಕ್ಕೆ ತಲುಪುವುದು ದಿಲ್ಲಿಯ ಒಂದು ಸಚಿವಾಲಯದ ಕೈಯಿಂದ. ಹಾಗಾಗಿ ಅದು ತನಗೆ ಅನ್ನ ಹಾಕುವುದು ಆ ಕೈ ಎಂದು ತಿಳಿದುಕೊಂಡಿದೆ. ಜಂತಿ ಎಣಿಸುವುದನ್ನು ಬಿಟ್ಟಿದೆ.

ನಾವು ಹೇಳಬೇಕಾದದ್ದು ಇಷ್ಟೇ: ರೊಕ್ಕ ನಿಲ್ಲಬಾರದು. ಅದನ್ನು ಕೊಡುವ ಕೈ ಬದಲಾಗಬೇಕು.

ನಿಮ್ಮ ಪಾಲು ಎಷ್ಟು?

ಮನೆಯಲ್ಲಿ ವಯಸ್ಸಾದವರಿದ್ದರೆ ಕೇಳಿ ನೋಡಿ. ಒಂದು ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. 1980ರ ದಶಕದ ಮಧ್ಯದಲ್ಲಿ ಆ ಶುಲ್ಕ ಹೋಯಿತು. ಅಂದಿನಿಂದ ರೇಡಿಯೋ ಪುಕ್ಕಟೆ ಎಂದು ನಾವೆಲ್ಲ ಅಂದುಕೊಂಡೆವು.

ಪುಕ್ಕಟೆ ಅಲ್ಲ. ನೀವು 299 ರೂಪಾಯಿ ಕೊಟ್ಟು ಮೊಬೈಲ್ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಸುಮಾರು 45 ರೂಪಾಯಿ ಜಿಎಸ್‌ಟಿ. ಸಾಬೂನಿಗೆ, ಚಪ್ಪಲಿಗೆ, ಸಿಮೆಂಟಿಗೆ, ಟ್ರ್ಯಾಕ್ಟರ್ ಬಿಡಿಭಾಗಕ್ಕೆ, ಎಲ್ಲಕ್ಕೂ ತೆರಿಗೆ ಇದೆ. ಈಚಿನ ಬಜೆಟ್‌ಗಳಲ್ಲಿ ಕೇಂದ್ರ ಸರ್ಕಾರ ಪ್ರಸಾರ ಭಾರತಿಗೆ ಕೊಡುತ್ತಿರುವ ಅನುದಾನ ವರ್ಷಕ್ಕೆ 2,500 ಕೋಟಿ ರೂಪಾಯಿಯ ಆಸುಪಾಸು. ಅದರ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ದೇಶದ 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ಸುಮಾರು 18 ರೂಪಾಯಿ. ಯಲಬುರ್ಗಾದಲ್ಲಿ ಸಜ್ಜೆ ಬೆಳೆಯುವವರೂ ಕೊಡುತ್ತಾರೆ, ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವವರೂ ಕೊಡುತ್ತಾರೆ, ಕುಷ್ಟಗಿಯಿಂದ ಗುಳೆ ಹೋಗಿ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುವವರೂ ಕೊಡುತ್ತಾರೆ.

ಹದಿನೆಂಟು ರೂಪಾಯಿ ದೊಡ್ಡ ಮೊತ್ತವಲ್ಲ. ಎರಡು ಕಪ್ ಚಹಾದ ಬೆಲೆ. ಆದರೆ ಅದು ನಮ್ಮದು. ಯಾವ ಪಕ್ಷದ ಯಾವ ಸಚಿವರೂ ತಮ್ಮ ಮನೆಯಿಂದ ತಂದು ಕೊಟ್ಟದ್ದಲ್ಲ.

ಸಂಬಳ ನಿಂತಾಗ ಏನಾಯಿತು

ಕೊಡುವ ಕೈಗೆ ಎಷ್ಟು ಬಲ ಇರುತ್ತದೆ ಎಂದು ನೋಡಲು 2018ರ ಆರಂಭವನ್ನು ನೆನೆಯಬೇಕು. ಆಗ ಪ್ರಸಾರ ಭಾರತಿಯ ಅಧ್ಯಕ್ಷರಾಗಿದ್ದವರು ಹಿರಿಯ ಪತ್ರಕರ್ತ ಎ. ಸೂರ್ಯಪ್ರಕಾಶ್. ಸಂಬಳಕ್ಕೆಂದು ಬರಬೇಕಾದ ಹಣವನ್ನು ಸಚಿವಾಲಯ ಬಿಡುಗಡೆ ಮಾಡಿಲ್ಲ, ಸಂಸ್ಥೆಯ ಸ್ವಂತ ನಿಧಿಯಿಂದ ಸಂಬಳ ಕೊಡಬೇಕಾಗಿದೆ ಎಂದು ಅವರೇ ಬಹಿರಂಗವಾಗಿ ಹೇಳಿದರು. ಹಣಕಾಸು ನಿಯಮದಂತೆ ಪ್ರಸಾರ ಭಾರತಿ ನಮ್ಮೊಂದಿಗೆ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು, ಹಾಕಿಲ್ಲ ಎಂಬುದು ಸಚಿವಾಲಯದ ಉತ್ತರ. ಅದೇ ದಿನಗಳಲ್ಲಿ ಪ್ರಸಾರ ಭಾರತಿಯ ಮಂಡಳಿ, ನೇಮಕಾತಿಗೆ ಸಂಬಂಧಿಸಿ ಸಚಿವಾಲಯದಿಂದ ಬಂದ ಪ್ರಸ್ತಾವಗಳಿಗೆ ಒಪ್ಪದೆ ನಿಂತಿತ್ತು.

ಯಾರು ಸರಿ, ಯಾರು ತಪ್ಪು ಎಂಬ ಪಂಚಾಯ್ತಿ ನಮಗೆ ಬೇಡ. ನೋಡಬೇಕಾದದ್ದು ಒಂದೇ. ಒಂದು ಸಚಿವಾಲಯಕ್ಕೂ ಒಂದು ಸುದ್ದಿ ಸಂಸ್ಥೆಗೂ ಜಗಳ ಬಂದರೆ, ಸುದ್ದಿ ಓದುವವರ ತಿಂಗಳ ಸಂಬಳವೇ ನಿಲ್ಲಬಹುದು. ಸಂಬಳ ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿದ್ದರೆ ಅದನ್ನು ದಿನವೂ ಬಳಸಬೇಕಿಲ್ಲ. ಗೂಟಕ್ಕೆ ಕಟ್ಟಿದ ಎತ್ತಿಗೆ ಹಗ್ಗದ ಉದ್ದ ಎಷ್ಟೆಂದು ಯಾರೂ ಹೇಳಿಕೊಡಬೇಕಿಲ್ಲ.

ಇನ್ನೂ ಒಂದು ವಿಷಯ. 2007ರ ಅಕ್ಟೋಬರ್ 5ರ ಹೊತ್ತಿಗೆ ಸೇವೆಯಲ್ಲಿದ್ದ ನೌಕರರು ಕಾನೂನಿನ ಲೆಕ್ಕದಲ್ಲಿ ಇಂದಿಗೂ ಕೇಂದ್ರ ಸರ್ಕಾರದ ನೌಕರರೇ. ಪ್ರಸಾರ ಭಾರತಿಗೆ ನಿಯೋಜನೆ ಮೇಲೆ ಬಂದವರು ಎಂದು ಲೆಕ್ಕ. ಅವರ ಸೇವಾಭದ್ರತೆಗೆ ನಾವು ವಿರೋಧಿಗಳಲ್ಲ. ಆದರೆ ಸರ್ಕಾರದ ನೌಕರ ಸರ್ಕಾರವನ್ನೇ ಪ್ರಶ್ನೆ ಕೇಳಬೇಕು ಎಂದು ಬಯಸಿದರೆ, ಕೇಳಿದ ಮೇಲೆ ಅವರನ್ನು ಕಾಯುವ ಕಾನೂನನ್ನೂ ಕೊಡಬೇಕಲ್ಲವೇ?

ಇದು ಒಂದು ಪಕ್ಷದ ರೋಗವಲ್ಲ

ಇದನ್ನು ಓದಿ ‘ಇವರು ಯಾವ ಪಕ್ಷದವರು’ ಎಂದು ಕೆಲವರು ಕೇಳುತ್ತಾರೆ. ಇತಿಹಾಸ ನೋಡಿ, ನಿಮಗೇ ತಿಳಿಯುತ್ತದೆ.

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂತು. ಆಗ ವಾರ್ತಾ ಸಚಿವರಾಗಿದ್ದವರು ಐ.ಕೆ. ಗುಜ್ರಾಲ್. ಕೆಲವೇ ದಿನಗಳಲ್ಲಿ ಅವರನ್ನು ಆ ಖಾತೆಯಿಂದ ತೆಗೆದು ವಿ.ಸಿ. ಶುಕ್ಲಾ ಅವರನ್ನು ತಂದರು. ಕಿಶೋರ್ ಕುಮಾರ್ ಸರ್ಕಾರದ ಕಾರ್ಯಕ್ರಮಕ್ಕೆ ಹಾಡಲು ಒಪ್ಪಲಿಲ್ಲವೆಂದು ಅವರ ಹಾಡುಗಳೇ ಆಕಾಶವಾಣಿಯಿಂದ ಮಾಯವಾದವು. ಆಲ್ ಇಂಡಿಯಾ ರೇಡಿಯೋವನ್ನು ಜನ ‘ಆಲ್ ಇಂದಿರಾ ರೇಡಿಯೋ’ ಎಂದು ಆಡಿಕೊಂಡರು.

1977ರಲ್ಲಿ ಜನತಾ ಸರ್ಕಾರ ಬಂತು. ಬಿ.ಜಿ. ವರ್ಗೀಸ್ ಸಮಿತಿ ನೇಮಿಸಿತು. ಆಕಾಶವಾಣಿಯನ್ನು ಸರ್ಕಾರದ ಕೈಯಿಂದ ಬಿಡಿಸಿ ಒಂದು ಸ್ವತಂತ್ರ ಟ್ರಸ್ಟ್‌ಗೆ ಕೊಡಿ ಎಂದು ಸಮಿತಿ ಹೇಳಿತು. 1979ರಲ್ಲಿ ಮಸೂದೆಯೂ ಬಂತು. ಅದು ಕಾಯ್ದೆಯಾಗುವ ಮೊದಲೇ ಸರ್ಕಾರ ಬಿತ್ತು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ ಪ್ರಸಾರ ಭಾರತಿ ಕಾಯ್ದೆ ಪಾಸಾಯಿತು. ಆಮೇಲೆ ಅದು ಏಳು ವರ್ಷ ಕಪಾಟಿನಲ್ಲಿ ಬಿದ್ದಿತ್ತು. ಕೊನೆಗೆ ಅದನ್ನು ಜಾರಿಗೆ ತಂದದ್ದು 1997ರಲ್ಲಿ. ಆಗ ಪ್ರಧಾನಿ ಯಾರು? 1975ರಲ್ಲಿ ಖಾತೆ ಕಳೆದುಕೊಂಡ ಅದೇ ಗುಜ್ರಾಲ್.

ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆದದ್ದೂ 1997-98ರಲ್ಲಿ. ನಮ್ಮ ಜಿಲ್ಲೆಗೂ ಪ್ರಸಾರ ಭಾರತಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಜಿಲ್ಲೆ ತನ್ನ ಕಾಲ ಮೇಲೆ ನಿಂತಿದೆ. ಪ್ರಸಾರ ಭಾರತಿ ಇನ್ನೂ ಬೆರಳು ಹಿಡಿದೇ ನಡೆಯುತ್ತಿದೆ.

2014ರ ಏಪ್ರಿಲ್‌ನಲ್ಲಿ ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರವಿತ್ತು. ಚುನಾವಣೆಯ ನಡುವೆ ನರೇಂದ್ರ ಮೋದಿಯವರ ಸಂದರ್ಶನವನ್ನು ದೂರದರ್ಶನ ಕೆಲವು ಭಾಗ ಕತ್ತರಿಸಿ ತೋರಿಸಿತು ಎಂಬ ಗದ್ದಲವಾಯಿತು. ಸಂಸ್ಥೆಗೆ ನಿಜವಾದ ಸ್ವಾಯತ್ತತೆ ಸಿಕ್ಕಿಲ್ಲ ಎಂದು ಅಂದಿನ ಸಿಇಒ ಜವಹರ್ ಸರ್ಕಾರ್ ಅವರೇ ಮಂಡಳಿಗೆ ಪತ್ರ ಬರೆದರು. ಮೂರು ವರ್ಷದ ನಂತರ, ಮೋದಿಯವರ ಸರ್ಕಾರವಿದ್ದಾಗ, 2017ರ ಸ್ವಾತಂತ್ರ್ಯೋತ್ಸವಕ್ಕೆ ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಮಾಡಿದ ಭಾಷಣ ಪ್ರಸಾರವಾಗಲಿಲ್ಲ. ತಿದ್ದಿ ಕೊಡಿ ಎಂದರು, ಅವರು ಒಪ್ಪಲಿಲ್ಲ.

ಒಂದು ಕಾಲದಲ್ಲಿ ಇವರಿಗೆ ಕತ್ತರಿ, ಇನ್ನೊಂದು ಕಾಲದಲ್ಲಿ ಅವರಿಗೆ ಕತ್ತರಿ. ಕತ್ತರಿ ಮಾತ್ರ ಅದೇ. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರಿಗೂ ಸ್ವಾಯತ್ತತೆ ಬೇಕು. ಗೆದ್ದು ಬಂದ ಮರುದಿನ ಯಾರಿಗೂ ಬೇಡ.

ಮುನಿರಾಬಾದಿನ ಗೇಟು ಮತ್ತು ನಮ್ಮ ರೇಡಿಯೋ

‘ದಿಲ್ಲಿಯ ಜಗಳ ನಮಗೇಕೆ’ ಎಂದು ಕೇಳಬೇಡಿ. ಅದು ನಮ್ಮ ಹೊಲದವರೆಗೆ ಬರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಡ್ಯಾಂ ತುಂಬಿ ನಿಂತಿತ್ತು. ಹೊಳೆದಂಡೆಯವರಿಗೆ ಊರಿಗೆ ನೀರು ನುಗ್ಗುತ್ತದೆಯೇ ಎಂಬ ಭಯ. ಎಡದಂಡೆ ಕಾಲುವೆ ನಂಬಿದ ಗಂಗಾವತಿ ಕಡೆಯ ಭತ್ತದ ರೈತರಿಗೆ, ಇದ್ದ ನೀರೆಲ್ಲ ಹರಿದು ಹೋದರೆ ನಾಟಿ ಮಾಡಿದ ಗದ್ದೆಯ ಗತಿ ಏನು ಎಂಬ ಭಯ. ಆ ರಾತ್ರಿ ನಮ್ಮ ಫೋನುಗಳಿಗೆ ಬಂದದ್ದು ವಾಟ್ಸ್ಆ್ಯಪ್ ಫಾರ್ವರ್ಡ್‌ಗಳ ಸುರಿಮಳೆ. ಒಬ್ಬರು ಡ್ಯಾಂ ಒಡೆದಿದೆ ಅಂದರು, ಇನ್ನೊಬ್ಬರು ಏನೂ ಆಗಿಲ್ಲ ಅಂದರು. ಯಾವುದು ನಿಜ ಎಂದು ಕೇಳಿ ಬಂದ ಕರೆಗಳಿಗೆ ಉತ್ತರ ಹೇಳುತ್ತಲೇ ನಮಗೆ ಬೆಳಗಾಯಿತು.

ಇಂಥ ಹೊತ್ತಿಗೆ ಜನರ ರೇಡಿಯೋ ಎರಡು ಕೆಲಸ ಮಾಡಬೇಕು. ಮೊದಲನೆಯದು, ಎಷ್ಟು ಕ್ಯುಸೆಕ್ ನೀರು ಬರುತ್ತಿದೆ, ಯಾವ ಊರಿನವರು ಎದ್ದು ನಡೆಯಬೇಕು ಎಂದು ಗಂಟೆಗೊಮ್ಮೆ ಹೇಳುವುದು. ಇದಕ್ಕೆ ಯಾವ ಸರ್ಕಾರವೂ ಬೇಡ ಅನ್ನುವುದಿಲ್ಲ. ಎರಡನೆಯದು ಕಷ್ಟದ ಕೆಲಸ. ನೀರು ಇಳಿದ ಮೇಲೆ ಕೇಳುವುದು: ಚೈನ್ ಏಕೆ ತುಂಡಾಯಿತು? ನಿರ್ವಹಣೆ ಯಾರ ಹೊಣೆ? ಉಳಿದ 32 ಗೇಟುಗಳ ಕತೆ ಏನು?

ಡ್ಯಾಂ ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರ. ಡ್ಯಾಮಿನ ಆಚೆ ದಡದ ಹೊಸಪೇಟೆ ಆಕಾಶವಾಣಿಗೆ ಹಣ ಬರುವುದೂ ಕೇಂದ್ರ ಸರ್ಕಾರದಿಂದಲೇ. ಒಂದೇ ಮನೆಯಲ್ಲಿ ಉಣ್ಣುವ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ಮೈಕ್ ಹಿಡಿದು ಹೇಗೆ ಕೇಳಬೇಕು? ಅಲ್ಲಿ ಕೆಲಸ ಮಾಡುವವರ ಪ್ರಾಮಾಣಿಕತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಅವರ ಕೈ ಕಟ್ಟಿರುವ ಹಗ್ಗವನ್ನು ತೋರಿಸುತ್ತಿದ್ದೇವೆ.

ಮರಕುಂಬಿಯನ್ನೂ ನೆನೆಯಿರಿ. 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಆ ಊರಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ತೀರ್ಪಿನ ದಿನ ದೇಶದ ಕ್ಯಾಮೆರಾಗಳೆಲ್ಲ ಕೊಪ್ಪಳದತ್ತ ತಿರುಗಿದವು. ನಡುವಿನ ಹತ್ತು ವರ್ಷ ವಾಯಿದೆ ವಾಯಿದೆಗೂ ಕೋರ್ಟಿನಲ್ಲಿ ಕುಳಿತು ಬರೆಯುವುದರಿಂದ ಯಾವ ಖಾಸಗಿ ಚಾನೆಲ್‌ಗೂ ಟಿಆರ್‌ಪಿ ಬರುವುದಿಲ್ಲ. ಲಾಭ ಇಲ್ಲದ ಇಂಥ ಕೆಲಸಕ್ಕೇ ಜನರ ರೊಕ್ಕದ ಸುದ್ದಿಮನೆ ಬೇಕಾಗುವುದು.

‘ಹಾಗಾದರೆ ಮುಚ್ಚಿಬಿಡಿ’ ಅನ್ನುವವರಿಗೆ

ಸರ್ಕಾರದ ಹಣ ಬಂದಲ್ಲಿ ಸ್ವಾತಂತ್ರ್ಯ ಇರುವುದಿಲ್ಲ, ಅನುದಾನ ನಿಲ್ಲಿಸಿ, ಜಾಹೀರಾತಿನಲ್ಲಿ ಬದುಕಲಿ ಎನ್ನುವವರಿದ್ದಾರೆ. ಅವರು ಜಿಲ್ಲಾ ಮಟ್ಟದ ಪತ್ರಿಕೋದ್ಯಮವನ್ನು ಹತ್ತಿರದಿಂದ ನೋಡಿಲ್ಲ.

ನಾವು ಡಿಪ್ಲೊಮಾ ಮುಗಿಸಿ ಸುದ್ದಿಗಿಷ್ಟು ಎಂದು ಬರೆಯುವವರು. ನಮ್ಮಲ್ಲಿ ಒಬ್ಬರು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ನಿಂತು, ಜನ ಮತ್ತೆ ಫ್ಲೋರೈಡ್ ನೀರನ್ನೇ ಕುಡಿಯುತ್ತಿರುವ ಬಗ್ಗೆ ಫೋಟೋ ಸಮೇತ ವರದಿ ಕಳಿಸಿದರು. ಆ ವಾರ ಆ ಪತ್ರಿಕೆಗೆ ಅದೇ ಭಾಗದ ಮುಖಂಡರೊಬ್ಬರ ಹುಟ್ಟುಹಬ್ಬದ ಜಾಹೀರಾತು ಬಂದಿತ್ತು. ವರದಿ ಬರಲಿಲ್ಲ. ಕೇಳಿದ್ದಕ್ಕೆ ‘ಮುಂದಿನ ವಾರ ನೋಡೋಣ’ ಎಂದರು. ಆ ಮುಂದಿನ ವಾರ ಇನ್ನೂ ಬಂದಿಲ್ಲ.

2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆಯಿತು. ಹೊಗೆ, ಬೂದಿ, ಕೆರೆ ನೀರು, ಉದ್ಯೋಗ, ಎಲ್ಲದರ ಬಗ್ಗೆಯೂ ಎರಡೂ ಕಡೆಯ ಮಾತನ್ನು ತಾಳ್ಮೆಯಿಂದ ಕೇಳಿಸುವ ಒಂದು ಜಾಗ ನಮಗೆ ಬೇಕು. ಜಾಹೀರಾತಿನಿಂದಲೇ ಬದುಕುವವರು ದೊಡ್ಡ ಜಾಹೀರಾತುದಾರರ ಹೊಗೆಯ ಬಗ್ಗೆ ಎಷ್ಟು ದಿನ ಮಾತಾಡಿಯಾರು?

ಸರ್ಕಾರದ ಅನ್ನ ಉಂಡರೆ ಸರ್ಕಾರದ ಜಂತಿ, ಕಾರ್ಖಾನೆಯ ಅನ್ನ ಉಂಡರೆ ಕಾರ್ಖಾನೆಯ ಜಂತಿ. ಎರಡನ್ನೂ ಎಣಿಸಬೇಕಾದರೆ ಜನರ ಅನ್ನವನ್ನೇ ಉಣ್ಣಬೇಕು.

ಕೈಯಿಂದ ಖರ್ಚು ಮಾಡಿ ರೇಡಿಯೋ ನಡೆಸಿದವರು ನಮ್ಮ ನಾಡಿನಲ್ಲೇ ಇದ್ದರು. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಇಂದು ಇಡೀ ದೇಶದ ರೇಡಿಯೋಗೆ ಇರುವ ‘ಆಕಾಶವಾಣಿ’ ಎಂಬ ಹೆಸರು ಅಂದು ಆ ಮೈಸೂರು ಕೇಂದ್ರದ್ದು. ಅಂಥ ಉತ್ಸಾಹಿಗಳೂ ಖರ್ಚು ತೂಗಿಸಲಾಗದೆ 1940ರ ದಶಕದ ಆರಂಭದಲ್ಲಿ ಅದನ್ನು ಸರ್ಕಾರದ ಕೈಗೆ ಒಪ್ಪಿಸಬೇಕಾಯಿತು. ರೇಡಿಯೋಗೆ ಸಾರ್ವಜನಿಕ ಹಣ ಬೇಕೇ ಬೇಕು ಎಂಬ ಪಾಠ ಅಲ್ಲೇ ಇದೆ.

ಹಣ ನಿಂತರೆ ಏನಾಗುತ್ತದೆ ಎಂದು ಅಮೆರಿಕ ತೋರಿಸಿತು. ಅಲ್ಲಿ 2025ರ ಜುಲೈನಲ್ಲಿ ಸಾರ್ವಜನಿಕ ರೇಡಿಯೋ, ಟಿವಿಗೆಂದು ಎರಡು ವರ್ಷಕ್ಕೆ ಇಟ್ಟಿದ್ದ 110 ಕೋಟಿ ಡಾಲರ್ ವಾಪಸ್ ಪಡೆದರು. ಹಣ ಹಂಚುತ್ತಿದ್ದ ಸಂಸ್ಥೆ ಬಾಗಿಲು ಹಾಕುವುದಾಗಿ ಆಗಸ್ಟ್‌ನಲ್ಲೇ ಹೇಳಿತು. ದೊಡ್ಡ ಊರುಗಳ ಕೇಂದ್ರಗಳಿಗೆ ದಾನಿಗಳು ಸಿಗುತ್ತಾರೆ. ಹೊಡೆತ ಹೆಚ್ಚು ಬೀಳುವುದು ಹಳ್ಳಿಗಾಡಿನ ಸಣ್ಣ ಕೇಂದ್ರಗಳಿಗೆ. ಇಲ್ಲಿಯೂ ಹಾಗೇ ಆದೀತು. ಮೊದಲು ಮುಚ್ಚುವುದು ಬೆಂಗಳೂರು ಕೇಂದ್ರವನ್ನಲ್ಲ.

‘ಈಗ ರೇಡಿಯೋ ಯಾರು ಕೇಳುತ್ತಾರೆ, ಎಲ್ಲ ಫೋನಿನಲ್ಲೇ ಇದೆ’ ಎನ್ನುವುದು ಇನ್ನೊಂದು ಮಾತು. ಫೋನಿನಲ್ಲಿ ಏನಿದೆ ಎಂದು ಗೇಟ್ ಮುರಿದ ರಾತ್ರಿ ನೋಡಿದೆವು. ಇನ್ನೂ ಒಂದು ಸಂಗತಿ ತಿಳಿದಿರಲಿ. ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೂ ಇಷ್ಟು ವರ್ಷ ಖಾಸಗಿ ಎಫ್‌ಎಂಗಳಿಗೆ, ಸಮುದಾಯ ಬಾನುಲಿಗಳಿಗೆ ಸ್ವಂತ ಸುದ್ದಿ ಕೊಡಲು ಬಿಟ್ಟಿಲ್ಲ. ಆಕಾಶವಾಣಿಯ ಸುದ್ದಿಯನ್ನೇ ಇದ್ದದ್ದು ಇದ್ದ ಹಾಗೆ ಮತ್ತೆ ಕೇಳಿಸಬಹುದು, ಅಷ್ಟೇ. ರೇಡಿಯೋದಲ್ಲಿ ಸುದ್ದಿ ಹೇಳುವ ಬಾಯಿ ಒಂದೇ ಇರುವಾಗ, ಆ ಬಾಯಿ ಯಾರ ಹಿಡಿತದಲ್ಲಿದೆ ಎಂದು ಕೇಳುವುದು ತಪ್ಪೇ?

ಕೈ ಬದಲಿಸುವುದು ಹೇಗೆ

ಜರ್ಮನಿಯ ಒಂದು ಪ್ರಕರಣ ನೋಡಿ. ಅಲ್ಲಿ ಪ್ರತಿ ಮನೆ ತಿಂಗಳಿಗೆ ಇಷ್ಟು ಎಂದು ಪ್ರಸಾರ ಶುಲ್ಕ ಕಟ್ಟುತ್ತದೆ. ಎಷ್ಟು ಬೇಕು ಎಂದು ಲೆಕ್ಕ ಹಾಕುವುದು ಸ್ವತಂತ್ರ ತಜ್ಞರ ಆಯೋಗ, ಸಚಿವರಲ್ಲ. 17.50 ಯೂರೋ ಇದ್ದದ್ದನ್ನು 18.36 ಮಾಡಲು ಆಯೋಗ ಹೇಳಿತು. ಒಂದು ರಾಜ್ಯ ಒಪ್ಪದೆ ತಡೆಯಿತು. 2021ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಹೀಗೆ ಹಣ ತಡೆಯುವುದು ಪ್ರಸಾರದ ಸ್ವಾತಂತ್ರ್ಯಕ್ಕೇ ಧಕ್ಕೆ ಎಂದು ಹೇಳಿ ಶುಲ್ಕ ಏರಿಸಿತು. 86 ಸೆಂಟಿನ ಜಗಳದಲ್ಲಿ ನ್ಯಾಯಾಲಯ ಕೇಳುಗರ ಪರ ನಿಂತಿತು.

ನಮ್ಮಲ್ಲಿ ಮನೆ ಮನೆಗೆ ಶುಲ್ಕ ಹಾಕಿ ಎಂದು ನಾವು ಹೇಳುತ್ತಿಲ್ಲ. ತೆರಿಗೆಯಿಂದಲೇ ಕೊಡಿ. ದಾರಿ ಮಾತ್ರ ಬದಲಿಸಿ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ಸಂಬಳ ನೇರವಾಗಿ ದೇಶದ ಸಂಚಿತ ನಿಧಿಯ ಮೇಲೆ ಬೀಳುತ್ತವೆ. ಸಂಸತ್ತು ಅದರ ಮೇಲೆ ಚರ್ಚೆ ಮಾಡಬಹುದು, ಮತಕ್ಕೆ ಹಾಕುವಂತಿಲ್ಲ. ಸರ್ಕಾರದ ತಪ್ಪು ಹಿಡಿಯುವವರ ಅನ್ನ ಸರ್ಕಾರದ ಮರ್ಜಿಯಲ್ಲಿ ಇರಬಾರದು ಎಂಬ ಬುದ್ಧಿ ಸಂವಿಧಾನ ಬರೆದವರಿಗಿತ್ತು. ಅದೇ ಬುದ್ಧಿಯನ್ನು ಸುದ್ದಿಗೂ ಬಳಸಿ. ನಮ್ಮ ಬೇಡಿಕೆ ನಾಲ್ಕು:

ಒಂದು, ಪ್ರಸಾರ ಭಾರತಿಗೆ ಐದು ವರ್ಷಕ್ಕೆ ಎಷ್ಟು ಹಣ ಎಂದು ಒಂದು ಸ್ವತಂತ್ರ ಆಯೋಗ ಮೊದಲೇ ನಿಗದಿ ಮಾಡಲಿ. ಅದು ಸಂಚಿತ ನಿಧಿಯಿಂದ ಕಂತಿನ ದಿನಕ್ಕೆ ತಾನಾಗಿ ಬರಲಿ. ಸಚಿವಾಲಯ ತಡೆಹಿಡಿಯುವಂತಿರಬಾರದು.

ಎರಡು, 1990ರ ಕಾಯ್ದೆಯ 13ನೇ ಕಲಮಿನಲ್ಲಿ 22 ಸಂಸದರ ಸಮಿತಿಯೊಂದು ಮೇಲ್ವಿಚಾರಣೆ ಮಾಡಬೇಕೆಂದು ಬರೆದಿದೆ. ಎಲ್ಲ ಪಕ್ಷದವರೂ ಕೂರುವ ಆ ಸಮಿತಿಯನ್ನು ರಚಿಸಿ ಕೆಲಸಕ್ಕೆ ಹಚ್ಚಲಿ. ಲೆಕ್ಕ ಕೇಳುವುದು ಅದರ ಕೆಲಸವಾಗಲಿ. ಸುದ್ದಿ ತಿದ್ದುವುದು ಯಾರ ಕೆಲಸವೂ ಆಗದಿರಲಿ.

ಮೂರು, ಇದನ್ನು ಪ್ರಸಾರ ಮಾಡಿ, ಇದನ್ನು ಮಾಡಬೇಡಿ ಎಂದು ನಿರ್ದೇಶನ ಕೊಡುವ ಅಧಿಕಾರವನ್ನು 23ನೇ ಕಲಮು ಕೇಂದ್ರಕ್ಕೆ ಕೊಟ್ಟಿದೆ. ಅದನ್ನು ಬಿಗಿ ಮಾಡಬೇಕು. ನೇಮಕ ಮತ್ತು ಸೇವಾ ನಿಯಮಗಳ ಅಧಿಕಾರ ಸಂಸ್ಥೆಗೇ ಇರಬೇಕು ಎಂದು ಸ್ಯಾಮ್ ಪಿತ್ರೋಡಾ ಸಮಿತಿ 2014ರಲ್ಲೇ ಹೇಳಿದೆ. ಅದನ್ನು ಜಾರಿ ಮಾಡಲಿ.

ನಾಲ್ಕು, ಹಣದಲ್ಲಿ ಒಂದು ಪಾಲು ಜಿಲ್ಲೆಯ ಸುದ್ದಿಗೇ ಮೀಸಲಿರಲಿ. ಪ್ರಸಾರ ಜಾಲದ ಆಧುನೀಕರಣಕ್ಕೆ 2023ರಲ್ಲಿ ಕೇಂದ್ರ 2,539 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಒಳ್ಳೆಯದು. ಆದರೆ ಟವರ್ ಎಷ್ಟೇ ಎತ್ತರವಾದರೂ ಅದರಿಂದ ಬರುವ ಮಾತು ನಮ್ಮ ಊರಿನದಾಗದಿದ್ದರೆ ಏನು ಫಲ? ಕೊಪ್ಪಳ ಜಿಲ್ಲೆಗೆ ಪೂರ್ಣಾವಧಿ ವರದಿಗಾರರು ಬೇಕು. ಭತ್ತದ ದರ, ಕಾಲುವೆ ನೀರು, ಉದ್ಯೋಗ ಖಾತ್ರಿ ಕೂಲಿ, ಕೋರ್ಟಿನ ವಾಯಿದೆ, ಎಲ್ಲವನ್ನೂ ಹೊಸಪೇಟೆ ಕೇಂದ್ರದಿಂದ ದಿನವೂ ಕೇಳುವಂತಾಗಬೇಕು.

ನೀವು ಮಾಡಬಹುದಾದ ಕೆಲಸ

ಇದು ದೊಡ್ಡವರ ವಿಷಯ ಎಂದು ಕೈ ಬಿಡಬೇಡಿ. ಪ್ರಸಾರ ಭಾರತಿ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿಯಲ್ಲಿ, ನಮ್ಮ ಭಾಗದ ಕೇಂದ್ರದಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಸ್ಥಳೀಯ ಕಾರ್ಯಕ್ರಮಕ್ಕೆ ಕಳೆದ ವರ್ಷ ಖರ್ಚಾದದ್ದು ಎಷ್ಟು ಎಂದು ಕೇಳಬಹುದು. ಅರ್ಜಿ ಬರೆಯಲು ಬಾರದಿದ್ದರೆ ನಮಗೆ ಹೇಳಿ, ಬರೆದು ಕೊಡುತ್ತೇವೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇವೆ.

ಸಂಸದರು ಊರಿಗೆ ಬಂದಾಗ ರಸ್ತೆ, ಸಮುದಾಯ ಭವನದ ಜೊತೆಗೆ ಇದನ್ನೂ ಕೇಳಿ: ‘13ನೇ ಕಲಮಿನ ಸಮಿತಿ ಏನಾಯ್ತು ಸಾಹೇಬ್ರ? ಲೋಕಸಭೆಯೊಳಗೆ ಒಂದು ಪ್ರಶ್ನೆ ಕೇಳ್ತೀರೇನು?’ ಅವರು ಯಾವ ಪಕ್ಷದವರಾದರೂ ಕೇಳಿ. ಇಂದು ಆಡಳಿತದಲ್ಲಿರುವವರು ನಾಳೆ ವಿರೋಧದಲ್ಲಿ ಕೂರುತ್ತಾರೆ. ಆ ದಿನ ಅವರ ಭಾಷಣಕ್ಕೂ ಮೈಕ್ ಬೇಕಾಗುತ್ತದೆ.

ವರ್ಷಕ್ಕೆ ಹದಿನೆಂಟು ರೂಪಾಯಿ ಕೊಟ್ಟವರು ನಾವು. ಲೆಕ್ಕ ಕೇಳುವ ಹಕ್ಕು ನಮ್ಮದು. ನಮ್ಮ ಮಾಳಿಗೆಯ ಜಂತಿಯನ್ನು ಹೆದರದೆ ಎಣಿಸಿ ಹೇಳಿ ಎಂದು ರೇಡಿಯೋಗೆ ಹೇಳುವ ಹಕ್ಕೂ ನಮ್ಮದೇ.